ಬೆಂಕಿಯೊಳಗಿಂದ ಬಂದ ಜೋಡಿಗಳು

ರಾಯಚೂರು ಬಂಡೆಯಡಿ,
ಎರಡನೆಯ ಬಿಸಿಲುಗಾಲದ ನಲವತ್ತೊಂದನೆಯ ದಿನ, 2391

ಮುನ್ನೂರು ವರ್ಷಗಳಿಗೂ ಹಿಂದೆ ಭಾರದ ಪರಮಾಣುಗಳನ್ನು ಡಿಕ್ಕಿ ಹೊಡೆಸುತ್ತಿರುವ ಹಿರಿಯರಿಗೆ ರೇವಪ್ಪನ ವಂದನೆಗಳು. ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಓದಬಲ್ಲೆ, ಆಡಿ ಅಭ್ಯಾಸವಿಲ್ಲ. ದಣಿದೂ ಇದ್ದೇನೆ.

ನಮ್ಮಲ್ಲಿ ಎಲ್ಲವೂ ಮಿಂಚುಪಾಲಿನ ಮೇಲೆ ನಿಂತಿದೆ, ಅಂದರೆ ಊರೂರಿಗೆ ಅಳೆದು ಕೊಡುವ ವಿದ್ಯುತ್ತು. ಬಾವಿಯ ಉಪ್ಪುನೀರು ಅದರಲ್ಲೇ ಸಿಹಿಯಾಗಬೇಕು, ರೊಟ್ಟಿ ಅದರಲ್ಲೇ ಬೇಯಬೇಕು. ಹಗಲು ಯಾರೂ ಹೊರಗೆ ಕಾಲಿಡುವುದಿಲ್ಲ. ಮಕ್ಕಳು ನೆಲದಡಿಯ ಓಣಿಗಳಲ್ಲೇ ಆಡುತ್ತವೆ. ಅದೇ ಪಾಲಿನಿಂದ ಡಿಕ್ಕಿ ಹೊಡೆಸುವ ನಮ್ಮ ಯಂತ್ರವೂ ಓಡುತ್ತಿತ್ತು. ಸೀಸದ ಎರಡು ಪರಮಾಣು ಬೀಜಗಳು ಡಿಕ್ಕಿಯಾದಾಗ ಕ್ಷಣಮಾತ್ರ ಕುದಿಯುವ ದ್ರವ್ಯ ಹುಟ್ಟುತ್ತದಲ್ಲ, ಅದರಿಂದ ಹೊರಬೀಳುವ ಬಹುಪಾಲು ಕಣಗಳು ಒಂದಕ್ಕೊಂದು ಬಡಿದು ಗುರುತು ಕಳೆದುಕೊಂಡೇ ಬರುತ್ತವೆ. ಎಲೆಕ್ಟ್ರಾನು ಮತ್ತು ಅದರ ಜೊತೆಗಾರ ಪಾಸಿಟ್ರಾನು ಮಾತ್ರ ಒಳಗಿನ ಸುದ್ದಿಯನ್ನು ಕೆಡಿಸದೆ ತರುತ್ತವೆ. ಅಂಥ ಜೋಡಿಗಳು ತೀರ ಅಪರೂಪ. ನಮ್ಮ ಮುಖ್ಯಸ್ಥೆ ಗಂಗಾಂಬಿಕಾ ಅಕ್ಕ ಅವುಗಳಿಗಾಗಿ ಕಾಯುತ್ತಲೇ ಮುದುಕಿಯಾದರು.

ಹೋದ ವರ್ಷ ಲೆಕ್ಕಕ್ಕಿಂತ ಹೆಚ್ಚು ಜೋಡಿಗಳು ಕಂಡವು. ಹೊಸದೇನೋ ಸಿಕ್ಕಿತೆಂದು ಸುದ್ದಿ ಹಬ್ಬಿ, ನೀರಿಗೆ ಮಿಂಚು ಸಾಲದೆಂದು ಯಂತ್ರ ಮುಚ್ಚಲು ಹೊರಟಿದ್ದ ಊರಸಭೆ ಮೆತ್ತಗಾಯಿತು. ಆದರೆ ಹೆಚ್ಚುವರಿ ಜೋಡಿಗಳೆಲ್ಲ, ಕಣಗಳು ಓಡಲು ಹೊಸದಾಗಿ ಕೂರಿಸಿದ ಕೊಳವೆಯ ಒಂದೇ ಕಡೆಯಿಂದ ಹೊರಟದ್ದು ನನ್ನ ಕಣ್ಣಿಗೆ ಬಿತ್ತು. ಅಲ್ಲಿ ಲೋಹ ದಪ್ಪವಾಗಿತ್ತು. ಬೆಳಕಿನ ಕಣಗಳು ಅದಕ್ಕೆ ತಾಗಿ ಜೋಡಿಗಳಾಗುತ್ತಿದ್ದವು; ಅವು ಕುದಿಯುವ ದ್ರವ್ಯದಿಂದ ಬಂದವಲ್ಲ. ಅಕ್ಕನಿಗೆ ತೋರಿಸಿದೆ. ತಾವೇ ಮತ್ತೊಮ್ಮೆ ಎಣಿಸಿ ನೋಡಿದರು.

"ಸುಳ್ಳು ಹೇಳಿ ಮಂದಿ ನೀರು ಕಸಗೊಳ್ಳಾಕ ಆಗಂಗಿಲ್ಲಪಾ ರೇವಪ್ಪ," ಎಂದರು.

ಸಭೆಯಲ್ಲಿ ಅವರೇ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಸಭೆಯ ಹಿರಿಯರು ತಬ್ಬಿಬ್ಬಾಗಿ, "ಹಂಗಾರ ನಿಮಗ ಮಿಂಚು ಬ್ಯಾಡೇನವ್ವಾ?" ಎಂದು ಕೇಳಿದರು.

"ಬೇಕ್ರಿ. ಭಾಳ ಬೇಕು. ಆದ್ರ ಇದನ್ನ ತೋರಿಸಿ ಬ್ಯಾಡ."

ನಮ್ಮ ಪಾಲು ನೀರಿನ ಘಟಕಕ್ಕೆ ಹೋಯಿತು. ಯಂತ್ರವನ್ನು ಅಕ್ಕನೇ ನಿಲ್ಲಿಸಿದರು.

ಇನ್ನು ನಮ್ಮ ಕಾಲದಲ್ಲಿ ಡಿಕ್ಕಿಗಳಿಲ್ಲ. ಉಳಿದಿರುವುದು ನೀವು ದಾಖಲಿಸಿಟ್ಟ ಡಿಕ್ಕಿಗಳು ಮಾತ್ರ. ಅಕ್ಕ ದಿನವೂ ಅವನ್ನೇ ಓದುತ್ತಾರೆ. ಬೇಡವೆಂದು ನೀವು ಅಳಿಸಿದ ಜಾಗ ಬಂದಾಗ ನಿಮ್ಮನ್ನು ಬೈದು, ಮುಂದಿನದಕ್ಕೆ ಹೋಗುತ್ತಾರೆ.

ಅದಕ್ಕೇ ಈ ಕೋರಿಕೆ. ಕಸವೆನಿಸಿದ ಜೋಡಿಗಳನ್ನೂ ಉಳಿಸಿಡಿ. ಸುಳ್ಳು ಜೋಡಿಗಳು ಎಷ್ಟೆಂದು ಗೊತ್ತಿಲ್ಲದೆ ನಿಜವಾದವನ್ನು ಬೇರ್ಪಡಿಸುವುದು ಹೇಗೆ? ಸಾಧ್ಯವಾದರೆ ಬೇಗ ಮಾಡಿ. ಅಕ್ಕನಿಗೆ ಕಣ್ಣು ಮಂಜಾಗುತ್ತಿದೆ.

ನಿಮ್ಮವ,
ರೇವಪ್ಪ