ಅಣ್ಣನ ಕಾಗದಕ್ಕೆ ಒಂದು ಸಾಲು ಸೇರಿಸಿದವರಿಗೆ

ತಾಯಲೂರು
೨೨ ಮಾರ್ಚ್ ೧೯೪೨

ಕೋಲಾರದ ಪೊಲೀಸು ಕಚೇರಿಯ ಹೆಡ್ ಗುಮಾಸ್ತ ಚನ್ನರಾಯಪ್ಪನವರಿಗೆ ಕದಿರಮ್ಮ ಬರೆಯುವುದು.

ಗಂಡನ ಹೆಸರು ಹಿಡಿಯಬಾರದೆಂದು ಹನ್ನೊಂದು ವರ್ಷ ಹಿಡಿಯಲಿಲ್ಲ. ಈಗ ಹಿಡಿದಿದ್ದೇನೆ. ಚಿಕ್ಕಮ್ಮನ ಮನೆಯಲ್ಲಿದ್ದೇನೆ, ಕರೆಯಲು ಬರಬೇಡಿ.

ನನ್ನಣ್ಣ ಮುನಿಶಾಮಿ ಗಡಿಯಾಚೆಯ ಪುಂಗನೂರಿನಿಂದ ಚಿನ್ನದ ಗಣಿಗೆ ಕೂಲಿಗೆ ಬಂದವನು. ಆಳುಗಳನ್ನು ಸೇರಿಸಿಕೊಂಡು, "ಇದು ದೊರೆಗಳ ಯುದ್ಧ, ನಮ್ಮ ಮಕ್ಕಳು ಯಾಕೆ ಸಾಯ್ಬೇಕು?" ಎಂದು ಕೇಳುತ್ತಿದ್ದ. ಅದನ್ನೇ ನನಗೂ ತೆಲುಗಿನಲ್ಲಿ ಬರೆದಿದ್ದ. ಆ ಕಾಗದವನ್ನು ಸೀರೆಯ ಮಡಿಕೆಯಲ್ಲಿಟ್ಟಿದ್ದೆ. ಹೋದ ಆಷಾಢದಲ್ಲಿ ಅದು ಕಾಣೆಯಾಯಿತು. ನಾಲ್ಕನೇ ದಿನ ಅಣ್ಣನನ್ನು ಹಿಡಿದರು. ಕಾಗದ ಎಲ್ಲಿ ಎಂದು ಕೇಳಿದರೆ, "ಇಲಿ ಎಳ್ಕೊಂಡು ಹೋಗಿರ್ಬೇಕು ಕಣೇ" ಅಂದಿರಿ. ನಾನು ಅಟ್ಟವೆಲ್ಲ ಹುಡುಕಿದೆ.

ಮೂರು ತಿಂಗಳು ಜೈಲು. ಆಮೇಲೆ, ಹೊರಗಿನವನಿಗೆ ಮೈಸೂರು ಸೀಮೆಯಲ್ಲಿ ಜಾಗವಿಲ್ಲವೆಂದು ಗಡಿಯ ನಂಗಲಿಯಾಚೆ ಬಿಟ್ಟು ಬಂದರು. ರಕ್ತ ಕೆಮ್ಮುತ್ತಿದ್ದವನು ಪಲಮನೇರಿನ ಛತ್ರದ ಜಗಲಿಯಲ್ಲಿ ಸತ್ತ. ಬಾಯಿಗೆ ನೀರು ಬಿಡಲು ನಾನಿರಲಿಲ್ಲ. ಸುದ್ದಿ ಬಂದ ದಿನ ನೀವೂ ನನ್ನ ಜೊತೆ ಅತ್ತಿರಿ.

ಹೋದ ವಾರ ನಿಮ್ಮ ಕಚೇರಿಯವರೇ ಒಬ್ಬರು ನಿಜ ಹೇಳಿದರು. ಹೆಸರು ಹೇಳುವುದಿಲ್ಲ, ನಾನು ನೀವಲ್ಲ. "ಅಮ್ಮಾ, ಮನಸ್ಸು ತಡೀತಿಲ್ಲ. ಆ ಕಾಗ್ದ ತಂದು ಸಾಯೇಬ್ರಿಗೆ ಕನ್ನಡ ಮಾಡ್ಕೊಟ್ಟಿದ್ದು ನಿಮ್ಮ ಯಜಮಾನ್ರೇ. ಗಣಿಗೆ ಮದ್ದಿಟ್ಟು ಸಿಡಿಸ್ತೀವಿ ಅನ್ನೋ ಸಾಲು ಅದ್ರಲ್ಲಿರ್ಲಿಲ್ಲ, ಇವ್ರೇ ಸೇರ್ಸಿದ್ರು" ಅಂದರು.

ಅಣ್ಣನನ್ನು ಹಿಡಿದ ತಿಂಗಳೇ ನೀವು ಹೆಡ್ ಗುಮಾಸ್ತರಾದಿರಿ. ನಾನೇ ಒಬ್ಬಟ್ಟು ಮಾಡಿ ಬಡಿಸಿದೆ.

ಸಿಂಗಾಪುರ ಬಿದ್ದ ಸುದ್ದಿ ಬಂದ ದಿನ ಊಟಕ್ಕೆ ಕೂತು ಏನಂದಿರಿ? "ಬಿಳಿಯರ ಕತೆ ಮುಗೀತು ಕಣೇ. ಜಪಾನಿನವರು ಬರ್ಲಿ, ಅವ್ರಿಗೂ ಒಬ್ಬ ಗುಮಾಸ್ತ ಬೇಕಲ್ಲ!" ಎರಡು ಸಲ ಅಂದಿರಿ, ನಕ್ಕಿರಿ. ಅಣ್ಣ ಇದರ ಅರ್ಧದಷ್ಟೂ ಆಡಿರಲಿಲ್ಲ.

ನನಗೀಗ ಅಳು ಬರುವುದಿಲ್ಲ. ರಾಗಿ ಬೀಸುತ್ತೇನೆ, ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ.

ಮುನಿಶಾಮಿಯ ತಂಗಿ,
ಕದಿರಮ್ಮ

ಇನ್ನೊಂದು ಮಾತು: ಈ ಕಾಗದದ ಒಂದು ಪ್ರತಿಯನ್ನು ಮೊನ್ನೆಯೇ ನಿಮ್ಮ ಸಾಹೇಬರ ಹೆಸರಿಗೆ ಅಂಚೆಗೆ ಹಾಕಿದೆ. ಇಷ್ಟು ಹೊತ್ತಿಗೆ ಓದಿರುತ್ತಾರೆ. ನೀವು ಕಲಿಸಿದ ಕನ್ನಡದಲ್ಲೇ ಬರೆದಿದ್ದೇನೆ. ಅವರಿಗೆ ಅರ್ಥ ಹೇಳಲು ನೀವು ಬೇಕಾಗಿಲ್ಲ.