ಅಕ್ಕನ ತಲೆಯೊಳಗಿನ ಫೋಮ್

ಮನೆಯಿಂದ,
ಮಂಗಳವಾರ, ಮಾರ್ಚ್ ೧೮

ನನ್ನ ತರಲೆ ತಂಗಿಗೆ,

ನಾನು ಆರಾಮಾಗಿದ್ದೇನೆ. ಕಾಗದ ಬರೆಯುವವರೆಲ್ಲ ಹೀಗೇ ಶುರುಮಾಡುತ್ತಾರೆ ಎನ್ನಬೇಡ. ನಿನ್ನೆ ಡಾಕ್ಟರಮ್ಮ ತಲೆಯ ಚಿತ್ರ ತೆಗೆಸಿ, ನೋಡಿ, ಹೇಳಿದ ಮೇಲೆಯೇ ಬರೆಯುತ್ತಿದ್ದೇನೆ. ಮೊದಲು ಕೂತುಕೋ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ನಾವು ಮಾತು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಅದಕ್ಕೂ ಎಷ್ಟೋ ವರ್ಷ ಹಿಂದೆ ಅಮ್ಮ ಒಗೆದ ಬಟ್ಟೆ ಹರವುತ್ತಿದ್ದವಳು ತಲೆ ಹಿಡಿದುಕೊಂಡು ಕುಸಿದಳು, ಮತ್ತೆ ಏಳಲಿಲ್ಲ. ಅದಾಗಿ ಐದು ವರ್ಷಕ್ಕೆ ಸೋದರಮಾವನೂ ಹಾಗೆಯೇ ಹೋದರು. ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ಒಡೆಯುವ ಈ ಅನ್ಯೂರಿಸಂ ಮನೆತನದಲ್ಲೇ ಇರಬಹುದು, ಒಮ್ಮೆ ಸ್ಕ್ಯಾನ್ ಮಾಡಿಸು ಎಂದು ನೀನು ಚೀಟಿ ಹಿಡಿದು ನನ್ನ ಸೋಫಾ ಅಂಗಡಿಗೆ ಬಂದೆ. ನಾನು ಗಿರಾಕಿಗಳ ಎದುರೇ ಅದನ್ನು ಹರಿದು, "ನಿನ್ನ ಲ್ಯಾಬಿನ ಪ್ರಯೋಗಕ್ಕೆ ಇಲಿ ಸಿಗಲಿಲ್ವಾ ನಿಂಗೆ? ಅಕ್ಕನೇ ಬೇಕಿತ್ತಾ?" ಎಂದೆ. ನೀನು ಆ ಚೂರುಗಳನ್ನು ಆಯ್ದುಕೊಂಡು ಹೊರಟುಹೋದೆ. ಕೋಪದಲ್ಲಿ ಅಂದುಬಿಟ್ಟೆ ಎಂದು ನಿನ್ನ ಭಾವನಿಗೆ ಹೇಳಿದ್ದೆ. ಕೋಪ ಅಲ್ಲ ಕಣೇ, ಹೆದರಿಕೆ. ನೋಡದಿದ್ದರೆ ಇಲ್ಲ ಎಂದುಕೊಂಡಿದ್ದೆ.

ಜನವರಿ ಕೊನೆಯಲ್ಲಿ ಹಳೆಯ ಸೋಫಾವೊಂದಕ್ಕೆ ಹೊಸ ಬಟ್ಟೆ ಹೊಲಿಯುತ್ತಿದ್ದೆ. ಕೈಯಲ್ಲಿದ್ದ ದಬ್ಬಳ ಎರಡಾಗಿ ಕಂಡಿತು. ಬಲಗಣ್ಣಿನ ರೆಪ್ಪೆ ತಾನಾಗಿ ಇಳಿಬಿತ್ತು. ಕುರ್ಚಿ ರಿಪೇರಿಗೆ ಕೊಡಲು ಬಂದಿದ್ದ ಮೇಷ್ಟ್ರು, "ಏನಮ್ಮಾ, ಈ ವಯಸ್ಸಲ್ಲಿ ನಂಗೆ ಕಣ್ಣು ಹೊಡೀತಿದ್ದೀರಾ?" ಎಂದು ನಕ್ಕರು. ನಾನೂ ನಕ್ಕೆ. ನಕ್ಕವಳೇ ಅಂಗಡಿ ಬಾಗಿಲು ಎಳೆದೆ. ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆ.

ಒಡೆದಿರಲಿಲ್ಲ. ಬಟಾಣಿ ಕಾಳಿನಷ್ಟು ಉಬ್ಬು, ಕಣ್ಣಿನ ನರವನ್ನು ಒತ್ತುತ್ತಿತ್ತಂತೆ. ಡಾಕ್ಟರಮ್ಮ ಮೂರು ದಾರಿ ಹೇಳಿದರು: ತಲೆಬುರುಡೆ ತೆರೆದು ಕ್ಲಿಪ್ ಹಾಕುವುದು, ಲೋಹದ ಸುರುಳಿ ತುಂಬುವುದು, ಇಲ್ಲವೇ ಇನ್ನೂ ಪರೀಕ್ಷೆಯ ಹಂತದಲ್ಲಿರುವ ಪಾಲಿಮರ್ ಫೋಮ್. ಮೂರರಲ್ಲೂ ಅಪಾಯವಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಆಮೇಲೆ ಒಂದು ಲೋಟ ಬೆಚ್ಚಗಿನ ನೀರು ತರಿಸಿ, ಕಡ್ಡಿಯಂಥ ಬೂದು ಎಳೆಯೊಂದನ್ನು ಅದರೊಳಗೆ ಬಿಟ್ಟರು. ನೋಡನೋಡುತ್ತಿದ್ದಂತೆ ಅದು ಮೆತ್ತಗಾಗಿ, ಹಿಗ್ಗಿ, ಫೋಮಿನ ಉಂಡೆಯಾಯಿತು.

"ಇದಕ್ಕೆ ತನ್ನ ಮೊದಲಿನ ಆಕಾರ ನೆನಪಿರುತ್ತೆ. ಹಿಸುಕಿ ತಣ್ಣಗೆ ಮಾಡಿದ್ರೆ ಹಾಗೇ ಇರುತ್ತೆ, ಮೈಯ ಬಿಸಿ ತಾಗಿದ್ರೆ ಅರಳುತ್ತೆ. ಉಬ್ಬನ್ನ ತುಂಬಿಕೊಂಡು ಕೂತ್ರೆ, ರಕ್ತ ಅದರೊಳಗೆ ಹೆಪ್ಪುಗಟ್ಟಿ ಬಾಯಿ ಮುಚ್ಚಿಕೊಳ್ಳುತ್ತೆ" ಎಂದರು.

ಇಪ್ಪತ್ತಾರು ವರ್ಷ ಸೋಫಾಗಳಿಗೆ ಫೋಮ್ ತುಂಬಿದವಳಿಗೆ ಫೋಮಿನ ಪಾಠ! ಇದನ್ನೆಲ್ಲಿ ಮಾಡುತ್ತಾರೆ ಎಂದು ಕೇಳಿದೆ. ನಿನ್ನ ಲ್ಯಾಬಿನ ಹೆಸರು ಹೇಳಿದರು.

ನೀನು ಪ್ಲಾಸ್ಟಿಕ್ಕಿನದೇನೋ ಮಾಡುತ್ತೀಯೆಂದಷ್ಟೇ ನನಗೆ ಗೊತ್ತಿತ್ತು. ಏನು, ಯಾರಿಗಾಗಿ ಎಂದು ಒಂದು ದಿನವೂ ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ, ಫೋಮೇ ಆಗಲಿ ಎಂದೆ. ನನ್ನ ತಂಗಿ ಅಲ್ಲಿದ್ದಾಳೆ ಎಂದಾಗ ಡಾಕ್ಟರಮ್ಮ, "ಅವರ ಒತ್ತಾಯಕ್ಕೆ ಒಪ್ತಿಲ್ಲ ತಾನೇ?" ಎಂದು ಕೇಳಿದರು. "ಅವಳ ಮಾತು ಕೇಳೋಳಾಗಿದ್ರೆ ಇಷ್ಟು ದೂರ ಬರ್ತಿತ್ತಾ ಡಾಕ್ಟ್ರೇ?" ಎಂದೆ. ಲ್ಯಾಬಿಗೆ ರೋಗಿಯ ಹೆಸರು ಹೋಗುವುದಿಲ್ಲವಂತೆ, ಬರೀ ನಂಬರು. ನಿಮ್ಮ ಹನ್ನೊಂದನೇ ನಂಬರು ನಾನು.

ತೊಡೆಯ ನಾಳದಿಂದ ಕೂದಲಿನಂಥ ಕೊಳವೆ ತೂರಿಸಿ ಮಿದುಳಿನವರೆಗೆ ಒಯ್ದರಂತೆ. ನನಗೆ ಒಂದೂ ತಿಳಿಯದು. ರೆಪ್ಪೆ ಏಳಲು ಮೂರು ವಾರ ಹಿಡಿಯಿತು. ನಿನ್ನ ಭಾವ ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆಯುತ್ತಿದ್ದರು, ಪರದೆ ಬಟ್ಟೆ ಅಳೆದ ಹಾಗೆ.

ನಿನ್ನೆಯ ಚಿತ್ರದಲ್ಲಿ ಉಬ್ಬಿನೊಳಗೆ ಒಂದು ಹನಿ ರಕ್ತವೂ ಹರಿಯುತ್ತಿರಲಿಲ್ಲ. ಆರು ತಿಂಗಳಿಗೆ ಮತ್ತೊಮ್ಮೆ ನೋಡುತ್ತಾರೆ. ಹೊರಗೆ ಬಂದು ನಾನೂ ನಿನ್ನ ಭಾವನೂ ಬಸ್ ಸ್ಟಾಪಿನಲ್ಲಿ ಕೂತೆವು. ನಮ್ಮ ಬಸ್ಸು ಮೂರು ಸಲ ಬಂದು ಹೋಯಿತು. ಏಳಬೇಕೆನಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಎದೆ ತುಂಬ ಉಸಿರೆಳೆದೆ.

ಅವತ್ತು ಆಡಿದ್ದು ತಪ್ಪು. ಹೊಟ್ಟೆಗೆ ಹಾಕಿಕೋ.

ನಿನ್ನ ಮೊಂಡು ಅಕ್ಕ

ತಾ.ಕ.: ಆಸ್ಪತ್ರೆಯ ಫಾರಂನಲ್ಲಿ, ಒಡಹುಟ್ಟಿದವರ ಸ್ಕ್ಯಾನ್ ಆಗಿದೆಯೇ ಎಂಬ ಪ್ರಶ್ನೆ ಇತ್ತು. ನನಗೇ ಅಷ್ಟು ಹೇಳಿದವಳು ತಾನು ಬಿಟ್ಟಿರುತ್ತಾಳೆಯೇ ಎಂದು, ಆಗಿದೆ ಎಂದು ಬರೆದೆ. ಯಾಕೋ ಅನುಮಾನ ಬಂದು ನಿನ್ನ ಗಂಡನಿಗೆ ಫೋನ್ ಮಾಡಿದೆ. ನನ್ನ ವಿಷಯ ನಿನ್ನೆದುರು ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡವಳೂ ನಾನೇ, ಅವನನ್ನು ಬೈಯಬೇಡ. ಎರಡು ಸಲ ಸ್ಕ್ಯಾನಿಗೆ ದಿನ ಗೊತ್ತುಮಾಡಿ, ಎರಡು ಸಲವೂ ಮೀಟಿಂಗ್ ಇದೆ ಎಂದು ತಪ್ಪಿಸಿಕೊಂಡೆಯಂತೆ. ಮುಂದಿನ ಗುರುವಾರ ಹತ್ತೂವರೆಗೆ ನಿನ್ನ ಹೆಸರು ಬರೆಸಿದ್ದೇನೆ. ಒಂಬತ್ತಕ್ಕೆ ನಿನ್ನ ಲ್ಯಾಬಿನ ಗೇಟಿನಲ್ಲಿರುತ್ತೇನೆ. ಆ ಯಂತ್ರ ತುಂಬ ಸದ್ದು ಮಾಡುತ್ತದೆ ಕಣೇ, ಆದರೆ ಇಪ್ಪತ್ತು ನಿಮಿಷ ಅಷ್ಟೇ. ಬಾಗಿಲಾಚೆ ನಾನು ಕೂತಿರುತ್ತೇನೆ.