ಅಡುಗೆಮನೆ ಹಿಡಿಗೆ ಇಪ್ಪತ್ತು ಅಂಕ

ಮಿನಾಸ್, ಭಾನುವಾರ

ಅಮ್ಮಾ,

ನಮ್ಮೂರು ಪೈಸಾಂದುವಿನಿಂದ ಇಲ್ಲಿಯವರೆಗೆ ನಮ್ಮ ಕಾರು ಎಲ್ಲೂ ಕೈಕೊಡಲಿಲ್ಲ, ಅಪ್ಪನಿಗೆ ಹೇಳು. ಉಳಿದವರ ಕಾರುಗಳೆಲ್ಲ ಲಾರಿ ಮೇಲೆ ಕೂತು ಬಂದವು. ಈ ಹಳೇ ಕಾರುಗಳ ಸಂಘದಲ್ಲಿ ಕಾರಿಗೂ ಮಡಿ: ಬಿಳಿ ಗ್ಲೌಸ್ ಇಲ್ಲದೆ ಇನ್ನೊಬ್ಬರ ಕಾರು ಮುಟ್ಟುವಂತಿಲ್ಲ.

ಬೆಳಿಗ್ಗೆ ಸ್ಪರ್ಧೆಯಲ್ಲಿ ಅಧ್ಯಕ್ಷ ದೋನ್ ಎವಾರಿಸ್ತೊ ಗ್ಲೌಸ್ ತೊಟ್ಟು ಬಂದು ನಮ್ಮ ಬಾಗಿಲಿನ ಒಳಗಿನ ಹಿಡಿ ನೋಡಿದರು.

“ಇದು ಅಡುಗೆಮನೆ ಡ್ರಾಯರ್‌ದಲ್ವಾ?”

“ಹೌದು. ಅಪ್ಪ ಹಾಕಿ ಮೂವತ್ತು ವರ್ಷ ಆಯ್ತು. ಇನ್ನೂ ಬಾಗಿಲು ತೆಗೀತಿದೆ.”

“ಕಂಪನೀದಲ್ಲ,” ಎಂದು ಇಪ್ಪತ್ತು ಅಂಕ ಕಳೆದರು. ಅಪ್ಪ ಇಷ್ಟು ವರ್ಷ ಆಸೆಪಟ್ಟ ಬಹುಮಾನದ ಕಪ್ ಅಲ್ಲಿಗೇ ಹೋಯಿತು.

ಮಧ್ಯಾಹ್ನ ಚೌಕ ಸುತ್ತುವ ಮೆರವಣಿಗೆ ಮುಗಿಸಿ ಇಳಿಯುವಾಗ ಅಧ್ಯಕ್ಷರ ಕಾರಿನ ಬಾಗಿಲಿನ ಒಳಗಿನ ಅಪ್ಪಟ ಕಂಪನಿ ಹಿಡಿ ಕಿತ್ತು ಅವರ ಕೈಗೆ ಬಂತು. ಗಾಜು ಇಳಿಯಲಿಲ್ಲ. ಪಕ್ಕದ ಸೀಟಿನ ತುಂಬ ಬಹುಮಾನದ ಕಪ್‌ಗಳು, ಆ ಕಡೆಯಿಂದಲೂ ಇಳಿಯುವಂತಿಲ್ಲ. ಸದಸ್ಯರೆಲ್ಲ ಸುತ್ತ ನಿಂತು ಮರುಗಿದರೇ ಹೊರತು ಹೊರಗಿನಿಂದ ಬಾಗಿಲಿಗೆ ಒಬ್ಬರೂ ಕೈ ಹಾಕಲಿಲ್ಲ.

“ಗ್ಲೌಸ್ ಹಾಕ್ಕೊಂಡು ತೆಗೀರಪ್ಪಾ,” ಎಂದು ಅವರು ಒಳಗಿನಿಂದಲೇ ಕೂಗಿದರು. ಸಂಘಕ್ಕೆ ಇರುವ ಒಂದೇ ಜೊತೆ ಗ್ಲೌಸ್ ಅವರ ಕೈಯಲ್ಲೇ ಇತ್ತು. ಕಾಲು ಗಂಟೆ ನೋಡಿ, ಕೊನೆಗೆ ನಾನೇ ಬರಿಗೈಯಲ್ಲಿ ಬಾಗಿಲು ತೆಗೆದೆ.

ಸ್ವಲ್ಪ ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಕಾರ್ಡು ತುಂಬುತ್ತಿದೆ, ಇದೊಂದು ಹೇಳಿಬಿಡುತ್ತೇನೆ. ಈಗಷ್ಟೇ ದೋನ್ ಎವಾರಿಸ್ತೊ ಮೆಲ್ಲಗೆ ಪಕ್ಕಕ್ಕೆ ಬಂದು, “ನಿಮ್ಮನೇಲಿ ಆ ಥರದ ಹಿಡಿ ಇನ್ನೊಂದು ಇದ್ಯಾ?” ಎಂದು ಕೇಳಿದರು.

“ಇದೆ. ಆದ್ರೆ ನಮ್ಮಮ್ಮ ಅದನ್ನ ದಿನಾ ಬರಿಗೈಲೇ ಮುಟ್ತಾರೆ,” ಅಂದೆ.

ನಿನ್ನ ನಿದಿಯಾ